ಚಂದ್ರವ್ವನ ಕೈ ಇನ್ನೂ ಚಿಲಕದ ಮೇಲಿದೆ

ದಾವಣಗೆರೆ
30 ಫೆಬ್ರವರಿ 2203

ನನ್ನ ಮುತ್ತಜ್ಜಿಯ ಮುತ್ತಜ್ಜಿ ಶಿವಲೀಲಮ್ಮನವರಿಗೆ ನೀಲಾಂಬೆಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಮೇ ತಿಂಗಳ ಸೆಕೆ ತಡೆಯಲಾರದೆ ನಮ್ಮ ಸರ್ಕಾರ ಅದರ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದೆ. ಸೆಕೆಯೇನೂ ಕಡಿಮೆಯಾಗಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೀವು ನಡೆಸುವ ಇ-ಪುಸ್ತಕ ಪ್ರಕಾಶನದ ಹಳೆಯ ಮೇಲ್‌ಗಳನ್ನು ಓದಿಯೇ ನಿಮ್ಮ ಕಾಲದ ಭಾಷೆ ಕಲಿತವಳು ನಾನು; ನಡುವೆ ಎಲ್ಲಾದರೂ 'ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ' ಎಂದು ಬಂದುಬಿಟ್ಟರೆ ತಪ್ಪು ನನ್ನದಲ್ಲ.

ಈ ಪತ್ರದ ವಿಷಯದ ಸಾಲು 'ಪುಸ್ತಕ ತೆರೆಯುತ್ತಿಲ್ಲ' ಎಂದಿರುವುದಕ್ಕೂ ಕಾರಣವಿದೆ. ಹಿಂದಂಚೆಯಲ್ಲಿ, ಅಂದರೆ ಹಿರಿಯರ ಕಾಲದ ಮೇಲ್‌ಪೆಟ್ಟಿಗೆಗೆ ಕಾಗದ ಒಯ್ಯುವ ನಮ್ಮ ಅಂಚೆಯಲ್ಲಿ, ಇದಕ್ಕೆ ಮೊದಲು ಎರಡು ಬರೆದಿದ್ದೆ. 'ಭವಿಷ್ಯದಿಂದ ನಿಮ್ಮ ಮೊಮ್ಮಗಳು' ಎಂಬುದನ್ನು ಲಾಟರಿ ಮೋಸವೆಂದು ಅಳಿಸಿದಿರಿ. 'ನಿಮ್ಮ ಕಾದಂಬರಿಯ ಬಗ್ಗೆ' ಎಂಬುದಕ್ಕೆ ನಕ್ಷತ್ರದ ಗುರುತು ಹಾಕಿ, ಬಿಡುವಾದಾಗ ಓದೋಣವೆಂದು ಎತ್ತಿಟ್ಟಿರಿ. ಹಳೆಯ ಬರಹ, ಮೇಲ್‌ಗಳನ್ನೆಲ್ಲ ಕಾಪಿಟ್ಟಿರುವ ನಮ್ಮ ದಾಖಲೆಮನೆಯಲ್ಲಿ ಅದು ಇವತ್ತಿಗೂ ತೆರೆಯದೆ ಕೂತಿದೆ. ಗ್ರಾಹಕರ ದೂರಾದರೆ ಬೆಳಗಿನ ಚಹಾಕ್ಕೂ ಮೊದಲು ತೆರೆಯುತ್ತೀರಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ನಿಮ್ಮಂಥವರನ್ನು ನೋಡಿಯೇ ಇರಬೇಕು.

ನಮ್ಮ ಕಾಲದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಬೆಣ್ಣೆದೋಸೆ ಇನ್ನೂ ಇದೆ. ಬೆಣ್ಣೆಗೆ ಮಾತ್ರ ವೈದ್ಯರ ಚೀಟಿ ಬೇಕು, ಹಾಗಾಗಿ ಊರಿನಲ್ಲಿ ವೈದ್ಯರಿಗಿರುವ ಮರ್ಯಾದೆ ಮಂತ್ರಿಗೂ ಇಲ್ಲ. ಪುಸ್ತಕಗಳನ್ನು ಓದುಗನ್ನಡಕದಲ್ಲಿ ಓದುತ್ತೇವೆ. ಕಣ್ಣು ಮುಚ್ಚಿದರೆ ಅದೇ ಗಟ್ಟಿಯಾಗಿ ಓದಿ ಹೇಳುತ್ತದೆ. ಮದುವೆಮನೆಯಲ್ಲಿ ಉಂಡು ಮಲಗಿದವರ ಮುಖಗಳಿಂದ ಒಂದೇ ಸಲಕ್ಕೆ ಹತ್ತಾರು ಪತ್ತೇದಾರಿ ಕತೆಗಳು ಕೇಳಿಬರುತ್ತವೆ. ಮನೆಗೊಂದು ಇ-ಪುಸ್ತಕ ಪ್ರಕಾಶನವಿದೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಮುಖಪುಟ ಮಾಡಲು ಬರುತ್ತದೆಯೇ ಎಂದು ಕೇಳುತ್ತಾರೆ. ಇನ್ನು ಮುಗಿಸುಯಂತ್ರ. ಅರ್ಧಕ್ಕೆ ನಿಂತ ಕತೆಗಳಿಂದ ಓದುಗರ ನೆಮ್ಮದಿ ಕೆಡುತ್ತದೆಂದು ಒಂದು ಕಾನೂನು ಬಂದಿದೆ. ಬರೆದವರೇ ಬರೆದ ಕೊನೆ ಸಿಗದಿದ್ದರೆ ಈ ಯಂತ್ರ ಕತೆ ಮುಗಿಸುತ್ತದೆ. ನಾಡಿದ್ದು ನಿಮ್ಮ ಕಾದಂಬರಿಯ ಸರದಿ.

ಗಂಡ ಸತ್ತ ಮೇಲೆ ಒಬ್ಬಳೇ ಹಿಟ್ಟಿನ ಗಿರಣಿ ಕಟ್ಟಿ ಬೆಳೆಸಿದ ನಿಮ್ಮ ಚಂದ್ರವ್ವ. ಅದನ್ನು ತನಗೆ ಬಿಟ್ಟುಕೊಡೆಂದು ಮೈದುನ ಬಂದು ಬಾಗಿಲು ಬಡಿಯುತ್ತಾನೆ. ಅವಳು ಚಿಲಕದ ಮೇಲೆ ಕೈಯಿಡುತ್ತಾಳೆ. ಹನ್ನೊಂದನೇ ಅಧ್ಯಾಯ ಅಲ್ಲಿಗೆ ನಿಂತಿದೆ. ಯಾಕೆ ನಿಂತಿತೆಂದು ನಿಮ್ಮ ಮೇಲ್‌ಗಳೇ ಹೇಳುತ್ತವೆ. ಅದೇ ಮಧ್ಯಾಹ್ನ ನಿವೃತ್ತ ಹೆಡ್‌ಮಾಸ್ತರರೂ ಕವಿಗಳೂ ಆದ ರೇವಣಸಿದ್ದಪ್ಪನವರು ತಮ್ಮ ಕವನ ಸಂಕಲನದ ಮುಖಪುಟದಲ್ಲಿ ತಮ್ಮ ಫೋಟೋ ದೊಡ್ಡದಾಗಬೇಕೆಂದರು. ದೊಡ್ಡದು ಮಾಡಿದಿರಿ. ಪುಸ್ತಕದ ಹೆಸರೇ ಕಾಣುತ್ತಿಲ್ಲವೆಂದರು. ಚಿಕ್ಕದು ಮಾಡಿದಿರಿ. ಮಗಳ ಮದುವೆಯಲ್ಲಿ ಹಂಚಲು ಗೌರವ ಪ್ರತಿ ಬೇಕು, ಇ-ಪುಸ್ತಕವೇ ಇರಲಿ, ಆದರೆ ಕೈಯಲ್ಲಿ ಹಿಡಿದು ಕೊಡುವಂತಿರಲಿ ಎಂದರು. ಅದಕ್ಕೂ 'ಆಗಲಿ ಸರ್' ಎಂದಿರಿ. ಹರಪನಹಳ್ಳಿಯ ಓದುಗರೊಬ್ಬರು ಇ-ಪುಸ್ತಕದ ಮೇಲೆ ಲೇಖಕರ ಸಹಿ ಬೇಕೆಂದು ತಮ್ಮ ಫೋನನ್ನೇ ಕೊರಿಯರ್ ಮಾಡಿದರು. ಅಜ್ಜೀ, ನೀವು ಸಹಿ ಹಾಕಿಸಿದ್ದಲ್ಲದೆ, ಫೋನ್ ಚಾರ್ಜ್ ಮಾಡಿ ಕಳಿಸಿದಿರಿ! ಹೀಗೆ ಊರವರ ಪುಸ್ತಕಗಳೆಲ್ಲ ನಿಮ್ಮ ಕೈಯಲ್ಲಿ ದಡ ಸೇರಿದವು.

ಯಂತ್ರ ಕರಡಾಗಿ ಬರೆದಿಟ್ಟ ಕೊನೆಯನ್ನು ದಾಖಲೆಮನೆಯವರು ನನಗೆ ತೋರಿಸಿದರು. ಚಂದ್ರವ್ವ ಬಾಗಿಲು ತೆರೆದು, ಮೈದುನನ ಕೈಗೆ ಗಿರಣಿಯ ಬೀಗದ ಕೈ ಕೊಟ್ಟು, ಹೋಳಿಗೆ ಬಡಿಸಿ ಆನಂದಬಾಷ್ಪ ಸುರಿಸುತ್ತಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಆ ಹನ್ನೊಂದು ಅಧ್ಯಾಯ ಬಾಯಿಪಾಠ. ನನ್ನ ಅವ್ವ ಕೊನೆಯುಸಿರಿನ ಹೊತ್ತಿನಲ್ಲೂ "ಚಂದ್ರವ್ವ ಏನಂದ್ಲಂತೆ?" ಎಂದು ಕೇಳಿದಳು. ಅದನ್ನು ನೆನೆದರೆ ಈಗಲೂ ಅಳು ಬರುತ್ತದೆ.

ದಾಖಲೆಮನೆಯ ಅಧಿಕಾರಿ ಕೊಟ್ರಬಸಪ್ಪನವರ ಹತ್ತಿರ ಹೋಗಿ ಜಗಳವಾಡಿದೆ. ಅವರು ಎಲೆ ಅಡಿಕೆ ಜಗಿಯುತ್ತ, "ಯಂತ್ರದ್ದೇನ್ ತಪ್ಪೈತವ್ವ? ಬರೆದೋರ ಸ್ವಭಾವ ನೋಡ್ಕೆಂಡು ಅದು ಬರಿತೈತಿ. ಆಯಮ್ಮನ ಮೇಲ್‌ನಾಗ ಎಲ್ಲಾರ 'ಆಗಲ್ಲ' ಅನ್ನಾ ಮಾತೈತಾ? ಹುಡುಕಿ ತಗಂಬಾ, ಕೊನೆ ತಾನೇ ಬದ್ಲಾಗ್ತೈತಿ" ಎಂದರು. ಎಲ್ಲ ಮೇಲ್‌ಗಳನ್ನೂ ಜಾಲಾಡಿದೆ. ಎಲ್ಲಿಯೂ ಇಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತಿದ್ದೇನೆ. ಹನ್ನೆರಡನೇ ಅಧ್ಯಾಯ ನೀವೇ ಬರೆದರೆ ಅದಕ್ಕಿಂತ ಪುಣ್ಯವಿಲ್ಲ. ಅಷ್ಟು ಪುರುಸೊತ್ತು ನಿಮಗೆಲ್ಲಿ ಎಂಬುದೂ ಗೊತ್ತು. ಹಾಗಿದ್ದರೆ ಯಾರಾದರೂ ಒಬ್ಬರಿಗೆ, ಒಂದೇ ಒಂದು ಸಲ, 'ಆಗಲ್ಲ' ಎಂದು ಬರೆದು ಕಳಿಸಿ. 'ಕ್ಷಮಿಸಿ' ಸೇರಿಸಬೇಡಿ, ಯಂತ್ರಕ್ಕೆ ಗೊಂದಲವಾಗುತ್ತದೆ. ರೇವಣಸಿದ್ದಪ್ಪನವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ಅದರ ಮೇಲೂ ಒಂದು ಕವನ ಬರೆದಾರು. ನೀವು ಅಂದರೆ ಚಂದ್ರವ್ವನೂ ಅಂದಾಳು.

ನಿಮ್ಮ
ನೀಲಾಂಬೆ