ಗಾಜು ತಿನ್ನುವ ಆಮ್ಲವೂ ಐದು ಅಂಕವೂ

ಪ್ರವೇಶ ಪರೀಕ್ಷೆಯ ಸರಿ ಉತ್ತರಗಳಿಗೆ ಮುದ್ರೆ ಒತ್ತುವ ಮಾನ್ಯರೇ,

ರಸಾಯನಶಾಸ್ತ್ರದ ನಲವತ್ತೇಳನೆಯ ಪ್ರಶ್ನೆಗೆ ತಾವು ಪ್ರಕಟಿಸಿರುವ ಉತ್ತರ ತಪ್ಪು. ಸರಿ ಉತ್ತರ ಬರೆದ ನಮ್ಮ ಸಂಸ್ಥೆಯ ವಿದ್ಯಾರ್ಥಿನಿ ಚಂದ್ರಕಲಾ ಮಾಲವ್ ಐದು ಅಂಕ ಕಳೆದುಕೊಂಡು, ಪ್ರವೇಶದ ಗೆರೆಗಿಂತ ಮೂರು ಅಂಕ ಕೆಳಗೆ ನಿಂತಿದ್ದಾಳೆ.

ಇದನ್ನು ಹೇಳಲು ನಾನು ಯಾರು? ಹಿಂದಿ ಸಾಹಿತ್ಯ ಓದಿದವಳು. ಕೋಟಾದ ಕೋಚಿಂಗ್ ಸಂಸ್ಥೆಯೊಂದರ ಡೌಟ್ ಕೌಂಟರಿನಲ್ಲಿ, ಸಂದೇಹ ಹೊತ್ತು ಬರುವ ಮಕ್ಕಳಿಗೆ ಟೋಕನ್ ಕೊಡುತ್ತೇನೆ. ಮಾತು ಕಡಿಮೆ, ಕಿವಿ ಚುರುಕು. ಹೈಡ್ರೋಜನ್ ಜೊತೆ ಫ್ಲೋರಿನ್, ಅಯೋಡಿನ್ ಬಳಗ ಕೂಡಿ ಆಗುವ ಹ್ಯಾಲೈಡ್‌ಗಳಲ್ಲಿ ಯಾವುದು ನೀರಿನಲ್ಲಿ ಅತಿ ಬಲವಾದ ಆಮ್ಲ ಎಂಬ ಇದೇ ಪ್ರಶ್ನೆ ವಾರಕ್ಕೆರಡು ಸಲ ಬರುತ್ತದೆ. ಆಗೆಲ್ಲ ನಮ್ಮ ಬನ್ವಾರಿ ಸರ್ ಚಾಕ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಹೇಳುತ್ತಾರೆ: "ಬೇಟಾ, ಆಮ್ಲ ಅಂದ್ರೆ ಹೈಡ್ರೋಜನ್ನ ಬಿಟ್ಟುಕೊಡೋನು. ಫ್ಲೋರಿನ್ ಪುಟ್ಟೋನು, ಹಿಡಿದ್ರೆ ಬಿಡಲ್ಲ. ಅಯೋಡಿನ್ ದಢೂತಿ, ಹಿಡಿತ ಸಡಿಲ. ನೀರು ಕೇಳಿದ ಕೂಡ್ಲೆ ಕೊಟ್ಬಿಡ್ತಾನೆ." ಟೀ ತರುವ ಗೀಸಾರಾಮ್ ಚಾಚಾ ಕೂಡ ಈಗ ಹೈಡ್ರೋಜನ್ ಅಯೋಡೈಡ್ ಎಂದೇ ಹೇಳುತ್ತಾರೆ. ಅವರನ್ನು ತಮ್ಮ ತಜ್ಞರ ಸಮಿತಿಗೆ ಕಳಿಸಿಕೊಡಲೇ?

ಕಾಯಿಸಿದರೂ ಸುಲಭಕ್ಕೆ ಒಡೆಯದ್ದು ಹೈಡ್ರೋಜನ್ ಫ್ಲೋರೈಡ್ ಎಂದು ನಲವತ್ತಾರನೆಯ ಪ್ರಶ್ನೆಗೆ ತಾವೇ ಉತ್ತರಿಸಿದ್ದೀರಿ. ಸರಿಯಾಗಿದೆ. ಮರು ಸಾಲಿನಲ್ಲೇ, ಅತಿ ಬಲವಾದ ಆಮ್ಲವೂ ಅದೇ! ಹಿಡಿದದ್ದನ್ನು ಬಿಡದವನೇ ಎಲ್ಲರಿಗಿಂತ ಧಾರಾಳಿ ಎಂಬುದು ತಮ್ಮ ಕಚೇರಿಯ ಅನುಭವವೇ? ಪಠ್ಯಪುಸ್ತಕದ ಪುಟ ಲಗತ್ತಿಸಿ ಚಂದ್ರಕಲಾ ಆಕ್ಷೇಪ ಸಲ್ಲಿಸಿದಳು. ಒಂದು ಸಾಲಿನ ಉತ್ತರ ಬಂತು: ಹೈಡ್ರೋಜನ್ ಫ್ಲೋರೈಡ್ ಗಾಜನ್ನೂ ತಿನ್ನುವುದರಿಂದ ಅದೇ ಪ್ರಬಲ. ಮಾನ್ಯರೇ, ಗಾಜಿನಲ್ಲಿರುವ ಸಿಲಿಕಾನ್ ಮೇಲೆ ಫ್ಲೋರಿನ್‌ಗೆ ವಿಪರೀತ ಸೆಳೆತ, ತಿನ್ನುವುದು ಅದಕ್ಕೆ. ಅದು ಬೇರೆ ಗುಣ, ಆಮ್ಲದ ಬಲವಲ್ಲ. ಗೆದ್ದಲು ಬಾಗಿಲು ತಿನ್ನುತ್ತದೆಂದು ಅದನ್ನು ಕುಸ್ತಿಯ ಅಖಾಡಕ್ಕೆ ಇಳಿಸುತ್ತೀರಾ?

ಕಳೆದ ಸೋಮವಾರ ಚಂದ್ರಕಲಾ, ಅವಳ ತಂದೆ ರಾಮ್‌ಕರಣ್ ಮತ್ತು ನಾನು ತಮ್ಮ ಕಚೇರಿಗೆ ಬಂದಿದ್ದೆವು. ತಾವು ಸಭೆಯಲ್ಲಿದ್ದಿರಿ. ಉತ್ತರ ತಪ್ಪಿರಬಹುದು, ಆದರೆ ಸಮಿತಿಯದೇ ಅಂತಿಮ ಎಂದರು ತಮ್ಮ ಸಹಾಯಕರು. ಸಿದ್ಧಮಾಡಿಕೊಂಡು ಬಂದ ಮಾತಿನ ಚೀಟಿಯನ್ನು ನಾನು ಮಡಚಿ ಮತ್ತೆ ಚೀಲಕ್ಕಿಟ್ಟೆ. ನೆಲಗಲ್ಲಿಗೆ ಪಾಲಿಶ್ ಮಾಡುವ ರಾಮ್‌ಕರಣ್ ಹೇಳಿದರು, "ಸಾಹೇಬ್ರೆ, ಕಲ್ಲಿನ ಮೇಲೆ ಗೀರು ಉಳಿದ್ರೆ ನಾವು ಮತ್ತೆ ಉಜ್ತೀವಿ. ನಿಮ್ದು ಅದಕ್ಕಿಂತ ಗಟ್ಟಿ ಕಲ್ಲಾ?"

ಹಾಸ್ಟೆಲ್ ಖಾಲಿ ಮಾಡೋಣವೆಂದು ತಂದೆ ಮರುದಿನ ಹೇಳಿದಾಗ ಚಂದ್ರಕಲಾ ಪೆಟ್ಟಿಗೆ ಮುಟ್ಟಲಿಲ್ಲ. "ಸರಿ ಬರೆದೋಳು ನಾನು. ನಾನ್ಯಾಕೆ ಊರಿಗೆ ಹೋಗ್ಲಿ, ದೀದಿ?" ಎಂದು ನನ್ನನ್ನು ಕೇಳಿದಳು. ಆ ಸಂದೇಹಕ್ಕೆ ನಮ್ಮ ಕೌಂಟರಿನಲ್ಲಿ ಟೋಕನ್ ಇಲ್ಲ. ಅದಕ್ಕೇ ಈ ಪತ್ರ.

ಪ್ರವೇಶ ಪಟ್ಟಿ ಶುಕ್ರವಾರ ಬರುತ್ತದೆ. ಅಷ್ಟರೊಳಗೆ ಉತ್ತರ ತಿದ್ದಿ. ಫ್ಲೋರಿನ್‌ನ ಹಾಗೆ ಹಿಡಿದು ಕೂರುವುದರಲ್ಲಿ ತಮ್ಮ ಕಚೇರಿಯ ಸ್ಥಿರತೆಯನ್ನು ನಾವೆಲ್ಲ ಒಪ್ಪಿದ್ದೇವೆ. ಈಗ ಒಂದು ಸಲ ಅಯೋಡಿನ್ ಆಗಿ, ಆ ಐದು ಅಂಕ ಬಿಟ್ಟುಕೊಡಿ. ಅವು ತಮ್ಮವಲ್ಲ.

ಇಂತಿ,
ಎದುರಿಗೆ ಬಾಯಿ ಬಾರದೆ ಬರೆದು ತಿಳಿಸುತ್ತಿರುವ,
ಊರ್ಮಿಳಾ ನಾಗರ್
ಟೋಕನ್ ಮೇಜು, ಕೋಟಾ