ಬೀಗ ಹಾಕಿದ ರೂಮಿನ ಶವರ್

ಜೂನ್ 3, ಸೋಮವಾರ. ಬೆಳಿಗ್ಗೆ 5
ಇಂದು ಉಪವಾಸ. ಕಸ ಗುಡಿಸಿದ್ದಾಯಿತು, ದೀಪ ಹಚ್ಚಿದ್ದಾಯಿತು, ಸೊಸೆಗೆ ಡಬ್ಬಿ ಕಟ್ಟಿದ್ದೂ ಆಯಿತು. ಏಳಕ್ಕೆ ಹೋಟೆಲ್ ಡ್ಯೂಟಿ. ಎರಡನೇ ಮಹಡಿ, ಹದಿನಾರು ರೂಮು. ನೀರು ಉಳಿಸುವ ಪೈಪೋಟಿಯಲ್ಲಿ ಈ ಸಲವೂ ನನ್ನ ಮಹಡಿಯೇ ಮುಂದೆ. ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೋ! ಶನಿವಾರ ನಮ್ಮ ಹೌಸ್‌ಕೀಪಿಂಗ್ ಮೇಡಂ ಎಲ್ಲರೆದುರು ಕೇಳಿದರು — "ಏನಮ್ಮಾ ನಿಮ್ಮ ಗುಟ್ಟು?" ಪ್ಲಂಬರಣ್ಣ ಬಿಡುತ್ತಾನೆಯೇ? "ಅಕ್ಕ ಉಪವಾಸ ಮಾಡ್ತಾರೆ, ಗೆಸ್ಟುಗಳಿಗೆ ಸ್ನಾನ ಬಿಡಿಸ್ತಾರೆ!" ಎಲ್ಲರೂ ನಕ್ಕರು. ನಾನೂ.

ಗುಟ್ಟು ಈ ಡೈರಿಯಲ್ಲಿ ಮಾತ್ರ. ಗೆಸ್ಟ್ ಇಲ್ಲದೆ ಬೀಗ ಹಾಕಿದ ರೂಮಿಗೂ ವಾರಕ್ಕೊಮ್ಮೆ ಹೋಗಿ ನಲ್ಲಿ, ಶವರ್ ಐದೈದು ನಿಮಿಷ ಸುಮ್ಮನೆ ಬಿಡಬೇಕು, ಚೀಟಿಯಲ್ಲಿ ಟಿಕ್ ಹಾಕಬೇಕು. ಯಾಕೆಂದು ಯಾರೂ ಹೇಳಿಲ್ಲ. ಬಕೆಟ್‌ಗಟ್ಟಲೆ ಒಳ್ಳೆಯ ನೀರು ಮೋರಿಗೆ... ದೇವರು ಮೆಚ್ಚುವನೇ? ಎರಡು ತಿಂಗಳಿಂದ ಬಿಡುತ್ತಿಲ್ಲ. ಟಿಕ್ ಮಾತ್ರ ಹಾಕುತ್ತೇನೆ.

ಜೂನ್ 8
ಎರಡು ತಿಂಗಳ ಮೇಲೆ 214ರ ಬೀಗ ತೆಗೆದೆವು. ರಿಟೈರಾದ ಟೀಚರಮ್ಮ ಒಬ್ಬರೇ. "ಶವರ್ ಕೆಳಗೆ ನಿಂತ್ರೆ ನಂಗೆ ಹಾಡು ಬರುತ್ತೆ ಕಣ್ರೀ, ಬೈಕೋಬೇಡಿ" ಅಂದರು. ಮೂರು ದಿನಕ್ಕೂ ಒಂದೇ ಟವೆಲ್ ಸಾಕಂತೆ. ಎಂಥ ಒಳ್ಳೆಯ ಜೀವ.

ಜೂನ್ 18, ಮಧ್ಯಾಹ್ನ
ಟೀಚರಮ್ಮ ಆಸ್ಪತ್ರೆಯಲ್ಲಿ. ಉಳಿದಿದ್ದ ರೂಮಿನ ನೀರು ಪರೀಕ್ಷಿಸಿ ಎಂದು ಅಲ್ಲಿಂದ ಹೋಟೆಲಿಗೆ ಫೋನ್ ಬಂತು. ಶ್ವಾಸಕೋಶಕ್ಕೆ ಸೋಂಕು, ಬಾಯಿಗೆ ಪೈಪು. ಪ್ಲಂಬರಣ್ಣ 214ರ ಶವರ್ ಬಿಚ್ಚಿ ನೀರನ್ನು ಪರೀಕ್ಷೆಗೆ ತುಂಬಿಕೊಂಡ.
"ಪೈಪಲ್ಲಿ ನೀರು ನಿಂತ್ರೆ ಕ್ರಿಮಿ ಬೆಳೆಯುತ್ತೆ ಅಕ್ಕಾ. ಶವರ್ ಹನಿ ಜೊತೆ ಎದೆಯೊಳಗೆ ಹೋಗುತ್ತೆ. ಅದಕ್ಕೇ ವಾರವಾರ ಬಿಡೋದು. ನೀವು ಬಿಟ್ಟಿದ್ದೀರಲ್ಲ... ಮತ್ತೆ ಇದು ಎಲ್ಲಿಂದ ಬಂತು?"
ಬಕೆಟ್ ಎತ್ತಿಕೊಂಡು ಪಕ್ಕದ ರೂಮಿಗೆ ಹೋದೆ.

ಜೂನ್ 20, ಬೆಳಿಗ್ಗೆ 9
214ರ ನೀರಲ್ಲಿ ಕ್ರಿಮಿ ಇದೆಯಂತೆ. ಹೋಟೆಲ್ ಆಫೀಸಿನಿಂದ ಮನೆಗೆ ಕಾಗದ — ನಲ್ಲಿ ಬಿಟ್ಟಿದ್ದು ನಿಜವೇ? ಉತ್ತರ ಬರೆದು ಕೊಡುವ ತನಕ ಡ್ಯೂಟಿ ಇಲ್ಲ. ಮೇಡಂ ಫೋನಿನಲ್ಲಿ ಪಿಸುಗುಟ್ಟಿದರು: "ಟಿಕ್ ಇದೆಯಲ್ಲಮ್ಮಾ, ಹೌದು ಅಂತ ಬರೀರಿ. ಪೈಪ್ ಸರಿಯಿರಲಿಲ್ಲ ಅಂದ್ರಾಯ್ತು. ಪ್ಲಂಬರ್ ನೋಡ್ಕೋತಾನೆ." ಅವನ ತಲೆಗೆ ಕಟ್ಟುವುದೇ? ಎರಡು ಮಕ್ಕಳ ತಂದೆ...

ದೇವರೆದುರು ಕೂತೆ. ದೀಪವನ್ನು ನೋಡಲಾಗಲಿಲ್ಲ. ಪುಣ್ಯ ಅಂದುಕೊಂಡು ಏನು ಮಾಡಿಬಿಟ್ಟೆ!

ನನ್ನ ಮಹಡಿಯಲ್ಲಿ ಅಂಥವೇ, ನೀರು ಬಿಡದೆ ಬೀಗ ಹಾಕಿದ ಇನ್ನೂ ಐದು ರೂಮು. ಸಂಜೆ ಟೂರಿನವರ ಬಸ್ಸು ಬರುತ್ತದೆ. ಬಂದವರು ಮೊದಲು ಮಾಡುವುದೇ ಸ್ನಾನ.

10 ಗಂಟೆ
ಬರೆದೆ. "ಇಲ್ಲ. ಎರಡು ತಿಂಗಳಿಂದ ಒಂದು ಸಲವೂ ಬಿಟ್ಟಿಲ್ಲ. ಟಿಕ್ಕು ಸುಳ್ಳು." ಕೆಳಗೆ ಐದೂ ರೂಮಿನ ನಂಬರು, ನನ್ನ ಸಹಿ. ಮೇಡಂ ಕೈಗೆ ಸಿಕ್ಕರೆ ಹರಿದಾರು. ಪ್ಲಂಬರಣ್ಣನಿಗೇ ಫೋನು ಮಾಡಿದೆ. "ತಪ್ಪು ನಂದು ಅಣ್ಣಾ. ಆ ರೂಮುಗಳನ್ನ ಯಾರಿಗೂ ಕೊಡಬೇಡಿ ಅಂತ ಈಗಲೇ ಹೇಳು. ನನ್ನ ಉತ್ತರ ಇಲ್ಲಿದೆ, ನೀನೇ ಬಂದು ತಗೊಂಡು ಹೋಗು, ಬಸ್ಸು ಬರೋದ್ರೊಳಗೆ ಆಫೀಸಿಗೇ ಕೊಡು."