ನನಗೆ ಕೈ ಕೊಟ್ಟ ಯಂತ್ರ

ಮಾನ್ಯರೇ,

ಮನುಷ್ಯರ ಮೈಯೊಳಗೆ ಕೂರಿಸುವ ಯಂತ್ರಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳಾದ ತಮಗೆ, ಅಂಥದೊಂದನ್ನು ತಲೆಯಲ್ಲಿ ಹೊತ್ತು ತಿರುಗುತ್ತಿರುವವನ ನಮಸ್ಕಾರ. ನನ್ನ ದೂರು ಇಷ್ಟೇ. ತಾವು ಒಪ್ಪಿಗೆಯ ಮುದ್ರೆ ಒತ್ತಿದ ಯಂತ್ರ ನನ್ನ ಕೈಯ ನಡುಕವನ್ನು ನಿಲ್ಲಿಸಿತು, ಅದರ ಜೊತೆಗೆ ನಾಲಿಗೆಯನ್ನೂ ಕಟ್ಟಿಹಾಕಿತು. ಅದರ ಶಕ್ತಿಯನ್ನು ಒಂದಿಷ್ಟು ಇಳಿಸಿದರೆ ಕೈಯೂ ಉಳಿಯುತ್ತದೆ, ಮಾತೂ ಬರುತ್ತದೆ. ಇಳಿಸಬೇಕಾದ ಕಂಪನಿ ಬಾಗಿಲು ಹಾಕಿದೆ. ಇಳಿಸಲು ಸಿದ್ಧರಿರುವ ಬೇರೆಯವರನ್ನು ತಾವು ಬಿಡುತ್ತಿಲ್ಲ.

ನಾನು ಕ್ಷೌರಿಕ. ಎರಡು ಕುರ್ಚಿಯ ಅಂಗಡಿ. ಒಂದು ನನ್ನದು, ಇನ್ನೊಂದು ನನ್ನ ಭಾವಮೈದನದು. ಈ ಕಸುಬಿನಲ್ಲಿ ಕೈ ಅರ್ಧ ಕೆಲಸ ಮಾಡಿದರೆ ಬಾಯಿ ಇನ್ನರ್ಧ ಮಾಡುತ್ತದೆ. ಗಿರಾಕಿ ಕತ್ತಿಗೆ ಕುತ್ತಿಗೆ ಒಡ್ಡಿ ಕೂತಿರುತ್ತಾನೆ, ಅವನ ಭಯವನ್ನು ಮಾತಿನಲ್ಲಿ ಮರೆಸಬೇಕು. ನಾನು ಮರೆಸುವುದರಲ್ಲಿ ಎಷ್ಟು ನಿಸ್ಸೀಮನಾಗಿದ್ದೆನೆಂದರೆ ಬೀದಿಯವರೆಲ್ಲ ನನಗೆ 'ರೇಡಿಯೊ' ಎಂದೇ ಹೆಸರಿಟ್ಟಿದ್ದರು. ಅಂಥವನ ಬಲಗೈ ಒಂದು ದಿನ ಸೋಪಿನ ಬ್ರಷ್ಷು ಹಿಡಿದಲ್ಲೇ ನಡುಗತೊಡಗಿತು. ಆಮೇಲೆ ಎಡಗೈ. ಕತ್ತಿ ಹಿಡಿದವನ ಕೈ ನಡುಗಿದರೆ ಯಾವ ಗಿರಾಕಿ ಕೂತಾನು? ನಾನು ಕತ್ತಿ ಕೆಳಗಿಟ್ಟು, ಭಾವಮೈದ ಕತ್ತರಿಸಿದ ಕೂದಲು ಗುಡಿಸುತ್ತ, ಅವನ ಗಿರಾಕಿಗಳಿಗೆ ಕತೆ ಹೇಳುತ್ತ ಕಾಲ ಹಾಕಿದೆ. ಗುಡಿಸುವಾಗ ನಡುಗಿದರೆ ಯಾರ ಗಂಟಲೂ ಕೊಯ್ಯುವುದಿಲ್ಲವಲ್ಲ.

ಆಗ ಬಂದದ್ದು ಈ ಯಂತ್ರ. ಮೆದುಳಿನ ಆಳಕ್ಕೆ ಕೂದಲೆಳೆಯಂಥ ತಂತಿ, ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಎರಡರ ನಡುವೆ ಕಿವಿಯ ಹಿಂದಿನಿಂದ ಇಳಿದ ವೈರು. ಶಸ್ತ್ರಚಿಕಿತ್ಸೆಯಲ್ಲಿ ನಾನು ಎಚ್ಚರವಾಗಿಯೇ ಇರಬೇಕಿತ್ತು. ಡಾಕ್ಟರಮ್ಮ "ಸುಮ್ನೆ ಮಾತಾಡ್ತಾ ಇರಿ" ಎಂದರು. ಇದನ್ನೂ ನನಗೆ ಹೇಳಿಕೊಡಬೇಕೇ? ಸ್ವಲ್ಪ ಹೊತ್ತಿಗೆ ಅವರೇ "ಅಯ್ಯೋ, ಒಂಚೂರು ಗ್ಯಾಪ್ ಕೊಡಿ, ನಂಗೆ ನಗು ಬಂದ್ರೆ ನಿಮಗೇ ಕಷ್ಟ" ಎಂದರು. ಆಮೇಲೆ ಯಾರೋ ಏನನ್ನೋ ಒತ್ತಿದರು. ನನ್ನ ಕೈ ನಿಂತುಬಿಟ್ಟಿತು. ವರ್ಷಗಟ್ಟಲೆ ರಚ್ಚೆ ಹಿಡಿದಿದ್ದ ಮಗು ತಟ್ಟನೆ ನಿದ್ದೆ ಹೋದಂತೆ. ಬೆರಳುಗಳನ್ನು ಕಣ್ಣೆದುರು ಹಿಡಿದು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದೆ.

ಆದ್ದರಿಂದ, ಮಾನ್ಯರೇ, ನನ್ನನ್ನು ಯಂತ್ರದ್ವೇಷಿಗಳ ಪಟ್ಟಿಗೆ ಸೇರಿಸಿ ಈ ಪತ್ರವನ್ನು ಮೂಲೆಗೆ ಎಸೆಯಬೇಡಿ. ಅಂಗಡಿಗೆ ಮರಳಿದ ದಿನ ಮೊದಲ ಗಿರಾಕಿಯಾಗಿ ಕೂತವನು ನನ್ನ ಭಾವಮೈದ. "ಭಾವ, ಗಂಟಲ ಹತ್ರ ಬಂದಾಗ ಒಂದ್ ಮಾತು ಹೇಳಿ, ಕಣ್ಣು ಮುಚ್ಕೋತೀನಿ" ಎಂದ. ಅವನ ಗಲ್ಲದ ಮೇಲೆ ಒಂದು ಗೀರೂ ಬೀಳಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ತುಂಬಿದ್ದು ಕಂಡು ನಾನು ಟವೆಲ್ಲು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ.

ಒಂದು ವರ್ಷ ಚೆನ್ನಾಗಿ ನಡೆಯಿತು. ಎಡಗೈಯಲ್ಲಿ ಮಾತ್ರ ಸಣ್ಣ ನಡುಕ ಉಳಿದಿತ್ತು. ತಪಾಸಣೆಗೆ ಹೋದಾಗ ಕಂಪನಿಯ ತಂತ್ರಜ್ಞ ತನ್ನ ಸಾಧನವನ್ನು ನನ್ನ ಎದೆಗೆ ಹಿಡಿದು ಶಕ್ತಿಯನ್ನು ಏರಿಸಿದ. "ನಾಲಿಗೆ ಸ್ವಲ್ಪ ತೊದಲಬಹುದು. ನೋಡೋಣ, ಜಾಸ್ತಿ ಅನ್ಸಿದ್ರೆ ಮುಂದಿನ ಸಲ ಬಂದಾಗ ಇಳಿಸ್ತೀನಿ, ಎರಡು ನಿಮಿಷದ ಕೆಲಸ" ಎಂದ. ಆ ಮುಂದಿನ ಸಲ ಬರಲೇ ಇಲ್ಲ. ಕಂಪನಿ ಮುಚ್ಚಿತು, ಸಾಧನಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡರು, ಫೋನು ಎತ್ತುವವರಿಲ್ಲ. ತಂತ್ರಜ್ಞ ಒಳ್ಳೆಯವನು, ಈಗ ಎಲ್ಲೋ ಎ.ಸಿ. ರಿಪೇರಿ ಮಾಡುತ್ತಾನಂತೆ.

ನನ್ನ ನಾಲಿಗೆ ಅಲ್ಲಿಗೇ ಸಿಕ್ಕಿಕೊಂಡಿತು. ತಲೆಯೊಳಗೆ ಮಾತು ಮೊದಲಿನಷ್ಟೇ ಚುರುಕಾಗಿ ಹುಟ್ಟುತ್ತದೆ, ತುಟಿಗೆ ಬರುವಷ್ಟರಲ್ಲಿ ಒದ್ದೆ ಬಟ್ಟೆಯ ಗಂಟಾಗಿರುತ್ತದೆ. ನನ್ನನ್ನು ಬಲ್ಲವರೂ "ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡ್ ಬಂದಿದ್ದಾನೆ" ಎನ್ನತೊಡಗಿದರು. ಅವರದೇನು ತಪ್ಪು? ತೊದಲುವವನ ಕೈಯಲ್ಲಿ ಕತ್ತಿ ಕಂಡರೆ ನಾನೂ ಎದ್ದು ಹೋಗುತ್ತಿದ್ದೆ. ಹಿಂದೆ ಕೈ ನಡುಗುತ್ತದೆಂದು ಓಡಿದವರು ಈಗ ಕೈ ಗಟ್ಟಿಯಿದ್ದರೂ ಓಡುತ್ತಿದ್ದಾರೆ. ನಮ್ಮ ಭಾಷೆಯಲ್ಲಿ 'ಕೈ ಕೊಡುವುದು' ಎಂದರೆ ನಡುನೀರಿನಲ್ಲಿ ಬಿಟ್ಟು ಹೋಗುವುದು ಎಂದೂ ಅರ್ಥವಿದೆಯಲ್ಲ, ಈ ಯಂತ್ರ ನನಗೆ ಎರಡೂ ಬಗೆಯಲ್ಲಿ ಕೈ ಕೊಟ್ಟಿತು.

ಯಂತ್ರವನ್ನು ಪೂರ್ತಿ ನಿಲ್ಲಿಸುವ ಒಂದು ಗುಂಡಿ ನನ್ನ ಬಳಿ ಇದೆ. ಏರಿಸುವುದು ಇಳಿಸುವುದು ಅದರಿಂದ ಆಗದು. ಒಂದೋ ಚಾಲೂ, ಇಲ್ಲವೇ ಬಂದ್. ಬಂದ್ ಮಾಡಿದರೆ ಮಾತು ಹಿಂದಿರುಗುತ್ತದೆ, ಮೈಯೆಲ್ಲ ನಡುಗುತ್ತದೆ. ಹೀಗಾಗಿ ಅಂಗಡಿ ಮುಚ್ಚಿ ಬಂದ ಮೇಲೆ ನನ್ನಾಕೆ "ಈಗ ಆಫ್ ಮಾಡ್ರೀ, ಸ್ವಲ್ಪ ಮಾತಾಡೋಣ" ಎನ್ನುತ್ತಾಳೆ. ನಾನು ಮಂಚದ ಮೇಲೆ ಮಲಗುತ್ತೇನೆ. ನನ್ನ ಕೈ ಗೋಡೆಗೆ ಬಡಿಯದಂತೆ ಅವಳು ಎರಡನ್ನೂ ತನ್ನ ಮಡಿಲಿಗೆಳೆದು ಒತ್ತಿ ಹಿಡಿಯುತ್ತಾಳೆ. ಅವಳ ತೋಳು ಸೋಲುವವರೆಗೆ ನಮ್ಮ ಸಂಸಾರದ ಮಾತು. ಮೊನ್ನೆ ಬೆಳಗ್ಗೆ ಏನೋ ಒಂದಕ್ಕೆ ನನ್ನ ಮೇಲೆ ರೇಗಿದವಳು ನಡುವೆಯೇ ನಿಲ್ಲಿಸಿ, "ಹೋಗ್ಲಿ ಬಿಡಿ, ನಿಮ್ಗೆ ತಿರುಗಿ ಬೈಯೋಕೆ ಆಗಲ್ಲ, ಒಬ್ಳೇ ಜಗಳ ಆಡೋದು ನ್ಯಾಯ ಅಲ್ಲ" ಎಂದಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ಡಾಕ್ಟರಮ್ಮನ ಬಳಿ ಹೋದೆವು. ಯಂತ್ರವನ್ನು ತೆಗೆದು ಬೇರೆ ಕಂಪನಿಯದನ್ನು ಹಾಕಬಹುದಲ್ಲ ಎಂದು ನನ್ನಾಕೆ ಕೇಳಿದಳು. ಬೇರೆಯವರ ಪೆಟ್ಟಿಗೆಗೆ ಈ ತಂತಿ ಕೂರುವುದಿಲ್ಲವಂತೆ. ತಂತಿ ಕೀಳೋಣವೆಂದರೆ, ಹಾಕುವಾಗಲೇ ಒಳಗೆ ಸ್ವಲ್ಪ ರಕ್ತ ಒಸರಿತ್ತು, ಇನ್ನೊಮ್ಮೆ ಕೈ ಹಾಕಲು ಅವರಿಗೆ ಧೈರ್ಯವಿಲ್ಲ. ಆಸ್ಪತ್ರೆಯ ಎಂಜಿನಿಯರು ಯಂತ್ರಕ್ಕೆ ಕಂಪನಿ ಹಾಕಿದ ಗುಪ್ತಸಂಕೇತದ ಬೀಗವನ್ನು ಬಿಡಿಸಬಲ್ಲ, ಆದರೆ ಪರವಾನಗಿ ಇಲ್ಲದವರು ಮುಟ್ಟಿದರೆ ಅಪರಾಧವೆಂಬುದು ತಮ್ಮದೇ ನಿಯಮ. ಪೆಟ್ಟಿಗೆಯ ಬ್ಯಾಟರಿ ಇನ್ನೆಷ್ಟು ಕಾಲ ಬರುತ್ತದೆಂದು ಕೇಳಿದೆ, ಅಂದರೆ ಚೀಟಿಯಲ್ಲಿ ಬರೆದು ತೋರಿಸಿದೆ. "ಅದನ್ನ ನೋಡೋಕೂ ಅವರ ಸಾಧನನೇ ಬೇಕು" ಎಂದು ಡಾಕ್ಟರಮ್ಮ ತಲೆ ತಗ್ಗಿಸಿದರು. ಇಟ್ಟುಕೊಳ್ಳುವಂತಿಲ್ಲ, ತೆಗೆಯುವಂತಿಲ್ಲ, ಎಂದು ನಿಲ್ಲುತ್ತದೋ ತಿಳಿಯುವಂತಿಲ್ಲ. ಜೈಲಿನಲ್ಲಿರುವವನಿಗೆ ಗೋಡೆಯಾದರೂ ಮೈಯಿಂದ ಹೊರಗಿರುತ್ತದೆ.

ಇನ್ನು, ಶಕ್ತಿ ಇಳಿಸಲು ಅನುಮತಿ ಕೊಡಿ ಎಂದು ನಾನು ಹಾಕಿದ್ದ ಅರ್ಜಿಯ ಮೇಲೆ ತಾವು ನಡೆಸಿದ ವಿಚಾರಣೆಗೆ ಬರುತ್ತೇನೆ. ತಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಯಂತ್ರ ಚಾಲೂ ಇಟ್ಟುಕೊಂಡೇ ನಾನು ಮಾತು ಶುರುಮಾಡಿದೆ. ತಾವು "ಏನಂದ್ರಿ?" ಎಂದಿರಿ. ಮತ್ತೆ ಹೇಳಿದೆ. ತಾವು ಪಕ್ಕದವರ ಕಡೆ ವಾಲಿ, ನನಗೆ ಕೇಳಿಸುವಂತೆಯೇ, "ಇವರು ಕುಡಿದು ಬಂದಿದ್ದಾರಾ?" ಎಂದಿರಿ.

ನನ್ನಾಕೆ ಎದ್ದು ನಿಂತಳು. "ಇಲ್ಲ ಸಾರ್. ಅದೇ ನಮ್ಮ ಕಂಪ್ಲೇಂಟು."

"ಅರ್ಜಿದಾರರು ಅವರೇ ಮಾತಾಡ್ಬೇಕಮ್ಮ. ನೀವು ಕೂತ್ಕೊಳ್ಳಿ."

ಸರಿ, ಗುಂಡಿ ಒತ್ತಿ ಬಂದ್ ಮಾಡಿದೆ. ಮಾತು ಬಂತು. ಒಂದೊಂದು ಪದವೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಹೇಳಿದೆ. ಆದರೆ ಕೇಳಿದವರು ಯಾರು? ನನ್ನ ಕೈ ತಮ್ಮ ಮೇಜನ್ನು ಡೋಲಿನಂತೆ ಬಡಿಯುತ್ತಿತ್ತು, ನೀರಿನ ಲೋಟ ಉರುಳಿ ಕಡತ ಒದ್ದೆಯಾಯಿತು. ಕೋಣೆಯಲ್ಲಿದ್ದವರೆಲ್ಲರ ಕಣ್ಣು ನನ್ನ ಕೈಯ ಮೇಲೆ. ತಾವು ಕುರ್ಚಿ ಹಿಂದಕ್ಕೆ ಸರಿಸಿ "ಅಯ್ಯಯ್ಯೋ, ಆನ್ ಮಾಡ್ಕೊಳ್ಳಿ, ಮೊದ್ಲು ಆನ್ ಮಾಡ್ಕೊಳ್ಳಿ!" ಎಂದು ಕೂಗಿದಿರಿ. ಮಾಡಿಕೊಂಡೆ. ಅಲ್ಲಿಗೆ ನನ್ನ ವಾದ ಮುಗಿಯಿತು. ತಮ್ಮ ಆದೇಶ ಹೀಗಿತ್ತು: "ಯಂತ್ರವನ್ನು ನಿಲ್ಲಿಸಿದಾಗ ಅರ್ಜಿದಾರರ ಸ್ಥಿತಿ ಶೋಚನೀಯವಾಗುವುದು ಪ್ರತ್ಯಕ್ಷವಾಗಿ ಕಂಡುಬಂದಿರುವುದರಿಂದ, ಸದರಿ ಯಂತ್ರವು ಪ್ರಯೋಜನಕಾರಿ ಎಂಬುದು ದೃಢಪಟ್ಟಿದೆ." ಆಹಾ! ಮುಳುಗುತ್ತಿರುವವನು ನೀರು ಹೆಚ್ಚಾಯಿತೆಂದು ಕೂಗಿದರೆ, ನೀರಿಲ್ಲದೆ ಯಾರೂ ಬದುಕಲಾರರು ಎಂದು ತೀರ್ಪು ಕೊಟ್ಟಂತಾಯಿತು.

ಹೊರಗೆ ಮೆಟ್ಟಿಲ ಮೇಲೆ ನನ್ನಾಕೆ ಅಳುತ್ತ ಕೂತಳು. ತಮ್ಮ ಗುಮಾಸ್ತರೊಬ್ಬರು ನೀರು ತಂದುಕೊಟ್ಟು, ಸಮಾಧಾನ ಮಾಡಲೆಂದೇ ಇರಬೇಕು, "ಏನ್ ಮಾಡೋದಮ್ಮ, ಶಕ್ತಿ ಏರಿಸಿ ಇಳಿಸೋ ಆ ಸಾಧನ ನಮ್ಮಲ್ಲೇ ಒಂದಿದೆ, ಪರವಾನಗಿ ತಗೊಳ್ಳುವಾಗ ಕಂಪನಿಯೋರು ನಮೂನೆ ಅಂತ ಕೊಟ್ಟಿದ್ದು. ಮೇಲಿನ ಕೋಣೆ ಬೀರುನಲ್ಲಿ ಬಿದ್ದಿದೆ. ಆದ್ರೆ ಹೊರಗೆ ಕೊಡೋ ಹಾಗಿಲ್ಲ" ಎಂದರು. ಅವಳ ಅಳು ಅಲ್ಲಿಗೇ ನಿಂತಿತು. ನಾವಿಬ್ಬರೂ ಕತ್ತೆತ್ತಿ ಮೇಲಿನ ಕಿಟಕಿಗಳನ್ನು ನೋಡಿದೆವು. ಅಂದರೆ ನನ್ನ ನಾಲಿಗೆ, ನನ್ನ ಗಿರಾಕಿಗಳು, ನನ್ನ ಮನೆಯ ಜಗಳ, ಎಲ್ಲವೂ ಒಂದು ಮಹಡಿ ಮೇಲೆ ಧೂಳು ತಿನ್ನುತ್ತಿದ್ದವು. ಗುಮಾಸ್ತರ ಮೇಲೆ ದಯವಿಟ್ಟು ಕ್ರಮ ಜರುಗಿಸಬೇಡಿ, ತಮ್ಮ ಕಟ್ಟಡದಲ್ಲಿ ನಮಗೆ ಸಿಕ್ಕ ಏಕೈಕ ಮಾಹಿತಿ ಅವರದು.

ಊರು ಬಿಟ್ಟು ಹೋಗುವವರು ಮನೆಯ ಬೀಗದ ಕೈಯನ್ನು ಪಕ್ಕದವರಿಗಾದರೂ ಕೊಟ್ಟು ಹೋಗುತ್ತಾರೆ. ಜನರ ತಲೆಯೊಳಗೆ ಬೀಗ ಹಾಕುವವರನ್ನು ತಾವು ಅಷ್ಟೂ ಕೇಳಲಿಲ್ಲವೇ? ಇಂದು ನನ್ನ ಕೈ. ನಾಳೆ ಕುರುಡರಿಗೆ ಕಣ್ಣು, ಕಿವುಡರಿಗೆ ಕಿವಿ, ಬಿದ್ದವರಿಗೆ ಕಾಲು. ಬರಲಿ, ಎಲ್ಲವೂ ಬರಲಿ, ನನ್ನಷ್ಟು ಸಂತೋಷಪಡುವವರು ಯಾರೂ ಇರಲಾರರು. ಆದರೆ ಕಂಪನಿ ಸತ್ತರೆ ಅದರ ಜೊತೆ ನಾವೂ ಸಹಗಮನ ಮಾಡಬೇಕೇ? ಕೀಲಿಯನ್ನು ಆಸ್ಪತ್ರೆಗೆ ಒಪ್ಪಿಸದ ಯಾವ ಯಂತ್ರಕ್ಕೂ ಇನ್ನು ಮುಂದೆ ಪರವಾನಗಿ ಕೊಡಬೇಡಿ. ಇದು ಮುಂದಿನವರಿಗಾಗಿ ನನ್ನ ಬೇಡಿಕೆ.

ನನಗಾಗಿ ಕೇಳುವುದು ಇನ್ನೂ ಚಿಕ್ಕದು. ಸಾಧನ ಕಚೇರಿಯಿಂದ ಹೊರಗೆ ಬರುವಂತಿಲ್ಲ ಎಂಬುದು ನಿಯಮವಾದರೆ, ಬೇಡ, ಬರುವುದು ಬೇಡ. ನಾನೇ ಒಳಗೆ ಬರುತ್ತೇನೆ. ಡಾಕ್ಟರಮ್ಮ ಜೊತೆಗೆ ಬಂದು ಶಕ್ತಿ ಇಳಿಸಿಕೊಡಲು ಒಪ್ಪಿದ್ದಾರೆ. ಆ ಬೀರುವಿನ ಮುಂದೆಯೇ ಒಂದು ಸ್ಟೂಲು ಹಾಕಿಸಿ, ಬಾಗಿಲಲ್ಲಿ ಕಾವಲು ನಿಲ್ಲಿಸಿ, ಬೇಕಾದರೆ ತಾವೇ ಎದುರು ನಿಂತು ನೋಡಿ. ಎರಡು ನಿಮಿಷದ ಕೆಲಸ. ಮುಗಿದ ಮೇಲೆ ನಾನು ಮೊದಲು ಮಾತಾಡುವುದು ತಮ್ಮ ಜೊತೆಯಲ್ಲ, ಹೆದರಬೇಡಿ; ನನ್ನಾಕೆ ಮೆಟ್ಟಿಲ ಬಳಿ ಕಾಯುತ್ತಿರುತ್ತಾಳೆ.

ಇಂತಿ,
ತಮ್ಮ ಆದೇಶದ ಪ್ರಕಾರ ಪ್ರಯೋಜನ ಹೊಂದಿ, ಬಾಯಿ ಮುಚ್ಚಿಕೊಂಡಿರುವ
ಒಬ್ಬ ಕ್ಷೌರಿಕ